ಬಾಕ್ಸ್ ಕಂಪನಿಯದು, ಒಳಗಿನ ಬ್ರೇಕ್ ಶೂ ಯಾರದು?

ಪ್ರಶ್ನೆ: ನನ್ನದು 2020ರ ಮಾಡೆಲ್, 125 ಸಿಸಿ ಬೈಕ್. 58 ಸಾವಿರ ಕಿಲೋಮೀಟರ್ ಓಡಿದೆ. ಮೂರು ತಿಂಗಳ ಹಿಂದೆ ನಮ್ಮೂರ ಗ್ಯಾರೇಜಿನಲ್ಲಿ ಹಿಂದಿನ ಬ್ರೇಕ್ ಶೂ ಮತ್ತು ಚೈನ್ ಸ್ಪ್ರಾಕೆಟ್ ಸೆಟ್ ಹಾಕಿಸಿದೆ. ಮೆಕ್ಯಾನಿಕ್ ಹತ್ತು ವರ್ಷದಿಂದ ಪರಿಚಯ. "ಕಂಪನಿದೇ ಸಾರ್" ಎಂದು ಬಾಕ್ಸ್ ಕೂಡ ತೋರಿಸಿದರು. ಕಳೆದ ವಾರ ಮಗಳನ್ನು ಹಿಂದೆ ಕೂರಿಸಿಕೊಂಡು ತಿಪಟೂರಿನಿಂದ ಬರುತ್ತಿದ್ದೆ. ಊರ ಹತ್ತಿರದ ಹಂಪಿನಲ್ಲಿ ಬ್ರೇಕ್ ತುಳಿದಾಗ ಕರಕರ ಸದ್ದಾಗಿ ಹಿಂದಿನ ಚಕ್ರ ಲಾಕ್ ಆಯಿತು. ನಿಧಾನವಾಗಿದ್ದೆ, ನನ್ನ ಮೊಣಕೈ ತರಚಿತು ಅಷ್ಟೇ. ಬಿಚ್ಚಿ ನೋಡಿದರೆ ಒಂದು ಶೂ ಮೇಲಿನ ಲೈನಿಂಗ್ ಪೂರ್ತಿ ಕಿತ್ತು ಬಂದಿದೆ. ಅಸಲಿ ಯಾವುದು, ನಕಲಿ ಯಾವುದು ಎಂದು ತಿಳಿಯುವುದು ಹೇಗೆ? ಇನ್ನು ಮುಂದೆ ಎಲ್ಲವನ್ನೂ ಶೋರೂಮಿನಲ್ಲೇ ಹಾಕಿಸಬೇಕಾ? ಮೆಕ್ಯಾನಿಕ್ ಮೋಸ ಮಾಡಿದರಾ? ದೂರು ಕೊಡಬಹುದಾ?
— ಅರಸೀಕೆರೆಯ ಓದುಗರು

ಉತ್ತರ: ಮಗಳಿಗೆ ಏನೂ ಆಗಲಿಲ್ಲ ಎಂಬುದೇ ದೊಡ್ಡ ಸಮಾಧಾನ. ಶೂ ಮೇಲೆ ಅಂಟಿಸಿದ ಪದರವೇ ಲೈನಿಂಗ್, ಅದು ಚಕ್ರದ ನಡುವಿನ ಡ್ರಮ್ಮಿನ ಒಳಮೈಗೆ ಉಜ್ಜಿ ಗಾಡಿ ನಿಲ್ಲಿಸುತ್ತದೆ. ಕಿತ್ತು ಬಂದ ಲೈನಿಂಗ್ ಡ್ರಮ್ಮಿಗೂ ಶೂಗೂ ನಡುವೆ ಬೆಣೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಆಗ ನೀವು ಕಾಲು ತೆಗೆದರೂ ಚಕ್ರ ಬಿಡುವುದಿಲ್ಲ. ಹೆದ್ದಾರಿಯಲ್ಲಿ ಅರವತ್ತರ ವೇಗದಲ್ಲಿ, ಹಿಂದೆ ಒಂದು ಲಾರಿ ಬರುತ್ತಿರುವಾಗ ಇದು ಆಗಬಾರದು. ಇಪ್ಪತ್ತಾರು ವರ್ಷ ಗಾಡಿ ಬಿಚ್ಚಿ ಕಟ್ಟಿದ್ದೇನೆ, ಈಗ ಹುಡುಗರಿಗೆ ಅದೇ ಕೆಲಸ ಕಲಿಸುತ್ತಿದ್ದೇನೆ. ನಿಮಗಾದ ತರಹದ ಶೂ ನನ್ನ ಪಾಠದ ಮೇಜಿನ ಮೇಲೆ ಈಗಲೂ ಮೂರು ಜೊತೆ ಇವೆ.

ಆ ಕಿತ್ತ ಶೂವನ್ನು ಎಸೆದಿಲ್ಲ ಅಲ್ವಾ? ಎಸೆದಿಲ್ಲದಿದ್ದರೆ ಬಿಸಿಲಿಗೆ ತಂದು ನೋಡಿ. ಲೈನಿಂಗ್ ಅಂಟಿದ್ದ ಅಲ್ಯೂಮಿನಿಯಂ ಮೈ ಹೇಗಿದೆ? ಅದು ನುಣ್ಣಗೆ ಹೊಳೆಯುತ್ತಿದ್ದು, ಅಲ್ಲಲ್ಲಿ ಮಾತ್ರ ಅಂಟಿನ ಕಲೆ ಇದ್ದರೆ, ಅಂಟು ಹಿಡಿದೇ ಇರಲಿಲ್ಲ ಎಂದರ್ಥ. ಅದು ಮಾಡಿದವರ ತಪ್ಪು. ಲೋಹದ ಮೇಲೆ ಲೈನಿಂಗಿನದೇ ಕಪ್ಪು ಪದರ ಒರಟಾಗಿ ಉಳಿದಿದ್ದರೆ, ಅಂಟು ಗಟ್ಟಿಯಿತ್ತು, ಲೈನಿಂಗ್ ತಾನೇ ಸುಟ್ಟೋ ಸವೆದೋ ಒಡೆದಿದೆ. ಬ್ರೇಕ್ ತೀರಾ ಬಿಗಿಯಾಗಿ ಟೈಟ್ ಮಾಡಿ, ಸದಾ ಉಜ್ಜುತ್ತಾ ಓಡಿದ್ದರೂ ಹೀಗಾಗುತ್ತದೆ. ಅಂಟಿನ ಕೆಳಗೆ ಬಿಳಿ ಪುಡಿಯಂಥ ತುಕ್ಕು ಕಂಡರೆ ನೀರು ಒಳಗೆ ಹೋಗಿ ಬಹಳ ಕಾಲ ಆಗಿದೆ. ಮೂರೇ ತಿಂಗಳ ಶೂನಲ್ಲಿ ಅದು ಕಂಡರೆ, ಆ ಶೂ ಹೊಸದೇ ಆಗಿರಲಿಲ್ಲ ಎಂದು ನಾನು ಅನುಮಾನ ಪಡುತ್ತೇನೆ. ಹಳೆಯ ಶೂಗೆ ಹೊಸ ಲೈನಿಂಗ್ ಅಂಟಿಸಿ, ತೊಳೆದು, ಹೊಸ ಬಾಕ್ಸಿಗೆ ಹಾಕಿ ಮಾರುವವರಿದ್ದಾರೆ.

ಇದನ್ನು ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ಪಾರ್ಟ್ ಕೆಟ್ಟ ತಕ್ಷಣ "ಡೂಪ್ಲಿಕೇಟ್" ಎಂದು ತೀರ್ಪು ಕೊಡುವ ಅಭ್ಯಾಸ ನಮಗೆಲ್ಲ ಇದೆ. ಕೆಲವು ಸಲ ತಪ್ಪು ಜೋಡಣೆಯದು. ಕೆಲವು ಸಲ ಡ್ರಮ್ ಸವೆದಿರುತ್ತದೆ. ನಿಮ್ಮ ಪತ್ರದ ಪ್ರಕಾರ ಲೈನಿಂಗ್ ಪೂರ್ತಿಯಾಗಿ, ಒಂದೇ ಹಾಳೆಯಂತೆ ಕಿತ್ತಿದೆ. ಅದು ಅಂಟಿನ ದೋಷವೇ ಇರಬಹುದು ಎನ್ನಿಸುತ್ತದೆ. ಆದರೂ ಮೆಕ್ಯಾನಿಕ್ ಹತ್ತಿರ ಮಾತಾಡುವ ಮೊದಲು ಆ ಲೋಹದ ಮೈಯನ್ನು ನೀವೇ ನೋಡಿ.

ಒಳ್ಳೆಯ ಬ್ರೇಕ್ ಶೂ ಮಾಡುವಾಗ ಲೋಹದ ಮೇಲೆ ಉಕ್ಕಿನ ಸಣ್ಣ ಕಾಳುಗಳನ್ನು ಜೋರಾಗಿ ಹೊಡೆದು ಮೈಯನ್ನು ಒರಟು ಮಾಡುತ್ತಾರೆ. ಜಿಡ್ಡು ತೊಳೆಯುತ್ತಾರೆ. ಅಂಟು ಹಚ್ಚಿ, ಲೈನಿಂಗ್ ಇಟ್ಟು, ಒತ್ತಿ ಹಿಡಿದು ಓವನ್ನಿನಲ್ಲಿ ಬೇಯಿಸುತ್ತಾರೆ. ಆಮೇಲೆ ಪ್ರತಿ ಲಾಟಿನಿಂದ ಕೆಲವನ್ನು ತೆಗೆದು, ಮೆಷಿನ್ನಿನಲ್ಲಿ ತಳ್ಳಿ, ಎಷ್ಟು ಬಲಕ್ಕೆ ಕಿತ್ತು ಬರುತ್ತದೆ ಎಂದು ನೋಡುತ್ತಾರೆ. ಇದರಲ್ಲಿ ಒಂದು ಹಂತ ಬಿಟ್ಟರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಬಣ್ಣ ಅದೇ, ಆಕಾರ ಅದೇ. ಊರೊಳಗೆ ಓಡಿಸಿದರೆ ಬ್ರೇಕೂ ಹಿಡಿಯುತ್ತದೆ. ಡ್ರಮ್ ಕಾದಾಗಲೇ ಅದರ ಬಣ್ಣ ಬಯಲಾಗುವುದು. ನಿಮ್ಮ ಕಡೆಯಿಂದ ಎಷ್ಟೊಂದು ಜನ ಬೈಕಿನಲ್ಲೇ ಧರ್ಮಸ್ಥಳಕ್ಕೆ ಹೋಗುತ್ತಾರೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಬ್ಬರು ಕೂತ ಗಾಡಿ ಬ್ರೇಕ್ ಒತ್ತಿಕೊಂಡೇ ಇಳಿಯುತ್ತದೆ. ಬೇಯಿಸದ ಅಂಟು ಮೆತ್ತಗಾಗುವುದು ಅಂಥ ಇಳಿಜಾರಿನಲ್ಲಿ.

ಇನ್ನು ಅಂಟು ಗಟ್ಟಿಯಿದ್ದು ಲೈನಿಂಗ್ ಮಾತ್ರ ಕಳಪೆ ಎಂದುಕೊಳ್ಳಿ. ಹೆಚ್ಚು ಜನರ ಗಾಡಿಯಲ್ಲಿ ಇರುವುದು ಇದೇ ದೋಷ. ಇದು ಸದ್ದು ಮಾಡುವುದಿಲ್ಲ, ಹಾಗಾಗಿ ಯಾರೂ ಪತ್ರ ಬರೆಯುವುದಿಲ್ಲ. ಒಂದು ಲೆಕ್ಕ ನೋಡಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎರಡು ಬೈಕ್ ಅಕ್ಕಪಕ್ಕ ಹೋಗುತ್ತಿವೆ. ಒಟ್ಟಿಗೇ ಬ್ರೇಕ್ ಹಾಕುತ್ತಾರೆ. ಒಳ್ಳೆಯ ಬ್ರೇಕಿನ ಬೈಕ್ ಸುಮಾರು 23 ಮೀಟರಿನಲ್ಲಿ ನಿಂತಿತು ಎನ್ನೋಣ. ಇನ್ನೊಂದರ ಬ್ರೇಕಿನ ಹಿಡಿತ ಮೂರನೇ ಒಂದು ಪಾಲು ಕಡಿಮೆ. ಅದು ನಿಲ್ಲಲು ಸುಮಾರು 35 ಮೀಟರ್ ಬೇಕು. ವ್ಯತ್ಯಾಸ ಹನ್ನೆರಡು ಮೀಟರ್, ಹೆಚ್ಚೂಕಡಿಮೆ ಒಂದು ಸಿಟಿ ಬಸ್ಸಿನ ಉದ್ದ. ಅಷ್ಟೇ ಅಲ್ಲ. ಮೊದಲ ಬೈಕ್ ನಿಂತ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ 35 ಕಿಲೋಮೀಟರಿನ ಹತ್ತಿರ ಇರುತ್ತದೆ. ರಸ್ತೆ ದಾಟುತ್ತಿರುವ ಮಗುವಿನ ಮುಂದೆ ಒಬ್ಬ ನಿಂತ, ಇನ್ನೊಬ್ಬ 35ರ ವೇಗದಲ್ಲಿ ಬಂದು ಗುದ್ದಿದ. ಈ ಇಬ್ಬರ ನಡುವೆ ಇರುವುದು ಇನ್ನೂರು ರೂಪಾಯಿ.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಎಲ್ಲವನ್ನೂ ಶೋರೂಮಿನಲ್ಲೇ ಹಾಕಿಸಬೇಕಾ? ಬೇಕಿಲ್ಲ. ಆದರೆ ಇದಕ್ಕೆ ಉತ್ತರ ತಿಳಿಯಬೇಕಾದರೆ ಅಂಗಡಿಯಲ್ಲಿ ಏನೇನು ಸಿಗುತ್ತದೆ ಎಂದು ಗೊತ್ತಿರಬೇಕು. ನಾವು ಒರಿಜಿನಲ್, ಡೂಪ್ಲಿಕೇಟ್ ಎಂದು ಎರಡೇ ಜಾತಿ ಮಾಡಿಬಿಡುತ್ತೇವೆ. ನಿಜವಾಗಿ ಅಲ್ಲಿ ನಾಲ್ಕೈದು ಬಗೆ ಇದೆ.

ಬೈಕ್ ಕಂಪನಿಯ ಹೆಸರಿನ ಬಾಕ್ಸಿನಲ್ಲಿ ಬರುವುದು ಒಂದು. ಅದನ್ನು ಕೂಡ ಬಹಳಷ್ಟು ಸಲ ಬೈಕ್ ಕಂಪನಿ ತಾನೇ ಮಾಡುವುದಿಲ್ಲ. ಚೈನ್ ಒಬ್ಬರು, ಬೇರಿಂಗ್ ಒಬ್ಬರು, ಬ್ರೇಕ್ ಇನ್ನೊಬ್ಬರು ಮಾಡಿ ಕೊಡುತ್ತಾರೆ. ಅದೇ ತಯಾರಕರು ತಮ್ಮ ಸ್ವಂತ ಹೆಸರಿನಲ್ಲೂ ಮಾರುತ್ತಾರೆ. ಕೊಯಮತ್ತೂರಿನ ಎಲ್‌ಜಿಬಿ ಕಂಪನಿಯ ರೋಲಾನ್ ಚೈನ್ ಸೆಟ್, ಚೆನ್ನೈಯ ಡೈಮಂಡ್ ಚೈನ್, ಎಸ್‌ಕೆಎಫ್ ಬೇರಿಂಗ್, ಎನ್‌ಜಿಕೆ ಪ್ಲಗ್ ಇವೆಲ್ಲ ಆ ಸಾಲಿನವು. ಇವುಗಳನ್ನು ಧೈರ್ಯವಾಗಿ ಹಾಕಿಸಬಹುದು. ಬೆಲೆ ಕೂಡ ಬಹಳ ಸಲ ಸ್ವಲ್ಪ ಕಡಿಮೆ ಇರುತ್ತದೆ. ಮೂರನೆಯದು "ಲೋಕಲ್" ಎನ್ನುತ್ತಾರಲ್ಲ, ಅದು. ಯಾವುದೋ ಸಣ್ಣ ಕಾರ್ಖಾನೆ ತನ್ನದೇ ಹೆಸರು ಹಾಕಿ ಮಾಡಿದ್ದು. ಚೆನ್ನಾಗಿರಬಹುದು, ಇಲ್ಲದೆಯೂ ಇರಬಹುದು. ಆದರೆ ಅವನು ಸುಳ್ಳು ಹೇಳುತ್ತಿಲ್ಲ. ಕೆಟ್ಟರೆ ಯಾರನ್ನು ಕೇಳಬೇಕು ಎಂದು ಬಾಕ್ಸಿನ ಮೇಲೆ ಬರೆದಿದ್ದಾನೆ. ಆಮೇಲೆ ಗುಜರಿಯದು, ಹಳೆಯ ಗಾಡಿಯಿಂದ ಕಿತ್ತದ್ದು. ಕೊನೆಯದು ನಿಜವಾದ ಡೂಪ್ಲಿಕೇಟ್. ಇನ್ನೊಬ್ಬರ ಹೆಸರು, ಲೋಗೋ, ಬಾಕ್ಸ್ ಎಲ್ಲ ಕದ್ದು ಮಾಡಿದ್ದು.

ಲೋಕಲ್ ಪಾರ್ಟಿನ ಬಗ್ಗೆ ನನಗೆ ತಿರಸ್ಕಾರ ಇಲ್ಲ. ಅದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಬೈಕ್ ಹೊರಗೆ ಬರಲು ಶುರುವಾಯಿತು, ಆಮೇಲೆ ಯೆಜ್ಡಿ ಬಂತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಂಪನಿಯೇ ಇಲ್ಲದ ಮೇಲೆ ಕಂಪನಿ ಪಾರ್ಟ್ ಎಲ್ಲಿಂದ ಬರಬೇಕು? ಆದರೂ ಆ ಗಾಡಿಗಳು ಇವತ್ತಿಗೂ ರಸ್ತೆ ಮೇಲಿವೆ. ಸಣ್ಣ ಸಣ್ಣ ವರ್ಕ್‌ಶಾಪಿನವರು ಹಳೆಯ ಪಾರ್ಟನ್ನು ಅಳತೆ ತೆಗೆದು, ಲೇತಿನಲ್ಲಿ ಕೂತು ಹೊಸದು ಮಾಡಿಕೊಟ್ಟಿದ್ದಾರೆ. ಆರ್‌ಎಕ್ಸ್ 100 ಇಟ್ಟುಕೊಂಡವರನ್ನು ಕೇಳಿ, ಅವರದೂ ಅದೇ ಕತೆ. ಅವರು ಮಾಡುವುದು ನಕಲು ಇರಬಹುದು, ಮೋಸ ಅಲ್ಲ. ಕೊಳ್ಳುವವನಿಗೆ ತಾನು ಏನು ಕೊಳ್ಳುತ್ತಿದ್ದೇನೆ ಎಂದು ಗೊತ್ತಿರುತ್ತದೆ. ನಿಮಗೆ ಗೊತ್ತಿರಲಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಹಾಗಾದರೆ ಯಾವುದಕ್ಕೆ ಹಣ ಬಿಚ್ಚಬೇಕು, ಯಾವುದಕ್ಕೆ ಲೋಕಲ್ ಸಾಕು? ನನ್ನ ಹುಡುಗರಿಗೆ ಒಂದೇ ಪ್ರಶ್ನೆ ಕೇಳಿಕೊಳ್ಳಲು ಹೇಳುತ್ತೇನೆ. ಈ ಪಾರ್ಟ್ ಕೆಟ್ಟರೆ ಗಾಡಿ ನಿಲ್ಲುತ್ತದಾ, ಅಥವಾ ಗಾಡಿ ನಿಲ್ಲುವುದೇ ಇಲ್ಲವಾ? ಪ್ಲಗ್ ಕೆಟ್ಟರೆ ಗಾಡಿ ನಿಲ್ಲುತ್ತದೆ. ಬ್ಯಾಟರಿ ಸತ್ತರೆ ಸ್ಟಾರ್ಟ್ ಆಗುವುದಿಲ್ಲ. ತೊಂದರೆ ಹೌದು, ನಡೆದುಕೊಂಡು ಮನೆಗೆ ಬರುತ್ತೀರಿ. ಬ್ರೇಕ್ ಶೂ, ಡಿಸ್ಕ್ ಪ್ಯಾಡ್, ಬ್ರೇಕ್ ಕೇಬಲ್, ಬ್ರೇಕ್ ಲಿವರ್, ಆಕ್ಸಿಲರೇಟರ್ ಕೇಬಲ್, ವೀಲ್ ಬೇರಿಂಗ್, ಹ್ಯಾಂಡಲ್ ಕೆಳಗಿನ ಕೋನ್ ಸೆಟ್, ಚೈನ್, ಟೈರ್ ಇವು ಎರಡನೇ ಗುಂಪು. ಇವುಗಳಲ್ಲಿ ಬೈಕ್ ಕಂಪನಿಯದು, ಇಲ್ಲವೇ ಹೆಸರಾಂತ ತಯಾರಕರ ಸ್ವಂತ ಹೆಸರಿನದು ಬಿಟ್ಟು ಬೇರೆ ಮುಟ್ಟಬೇಡಿ. ಸೈಡ್ ಕವರ್, ಮಡ್‌ಗಾರ್ಡ್, ಸೀಟ್ ಕವರ್, ಗ್ರಿಪ್ ಇಂಥವಕ್ಕೆ ಲೋಕಲ್ ಹಾಕಿಸಿ, ದುಡ್ಡು ಉಳಿಸಿ. ಅದರಲ್ಲಿ ತಪ್ಪೇನಿಲ್ಲ.

ಎರಡನೇ ಗುಂಪಿನಲ್ಲಿ ಆಕ್ಸಿಲರೇಟರ್ ಕೇಬಲ್ ಹೆಸರು ನೋಡಿ ಕೆಲವರಿಗೆ ಆಶ್ಚರ್ಯ ಆಗಬಹುದು. ಬಹಳ ಹಿಂದೆ ನನ್ನ ಗ್ಯಾರೇಜಿಗೆ ಒಂದು ಗಾಡಿ ಬಂತು. ಎರಡು ದಿನ ಮೊದಲು ಬೇರೆ ಕಡೆ ಹೊಸ ಕೇಬಲ್ ಹಾಕಿಸಿದ್ದರು. ಕೇಬಲ್ ಒಳಗಿನ ಪ್ಲಾಸ್ಟಿಕ್ ಕೊಳವೆ ಬಿಸಿಲಿಗೆ ಮೆತ್ತಗಾಗಿ ತಂತಿಯನ್ನು ಹಿಡಿದುಕೊಳ್ಳುತ್ತಿತ್ತು. ಕೈ ಬಿಟ್ಟರೂ ಆಕ್ಸಿಲರೇಟರ್ ಹಿಂದಕ್ಕೆ ಬರುತ್ತಿರಲಿಲ್ಲ. ಓಡಿಸುತ್ತಿದ್ದ ಹುಡುಗ ಇಂಜಿನ್ ಆಫ್ ಮಾಡುವುದನ್ನು ಮರೆತು, ಬ್ರೇಕ್ ಒತ್ತಿಕೊಂಡೇ ಒಂದು ಕಾಂಪೌಂಡಿಗೆ ಹೋಗಿ ಗುದ್ದಿದ್ದ. ಕಾಲು ಮುರಿದಿತ್ತು. ಆ ಕೇಬಲ್ ಅಂಗಡಿಯಲ್ಲಿ ಎಳೆದು ನೋಡಿದ್ದರೆ ನುಣ್ಣಗೆ ಓಡುತ್ತಿತ್ತು, ಯಾಕೆಂದರೆ ಅಲ್ಲಿ ನೆರಳಿತ್ತು. ಅಂದಿನಿಂದ ಕೇಬಲ್ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಕೇಬಲ್ ಹಾಕಿಸಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎರಡೂ ಕೊನೆಯಲ್ಲಿ ಆಕ್ಸಿಲರೇಟರ್ ತಿರುಚಿ ಬಿಡಿ. ಟಪ್ ಎಂದು ತಾನೇ ಹಿಂದಕ್ಕೆ ಬರಬೇಕು. ಇಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ.

ನಿಮ್ಮ ಚೈನ್ ಸೆಟ್ ಕೂಡ ಅದೇ ದಿನ, ಅದೇ ಕಡೆ ಹಾಕಿಸಿದ್ದು. ಅದನ್ನೂ ನೋಡಬೇಕು. ಹಿಂದಿನ ಸ್ಪ್ರಾಕೆಟಿನ ಹಲ್ಲು ನೋಡಿ. ಒಳ್ಳೆಯ ಸ್ಪ್ರಾಕೆಟಿನ ಹಲ್ಲನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಿರುತ್ತಾರೆ. ಒಂದು ಸಣ್ಣ ಅರ ತೆಗೆದುಕೊಂಡು ಹಲ್ಲಿನ ಅಂಚಿಗೆ ಉಜ್ಜಿದರೆ ಅರ ಜಾರುತ್ತದೆ. ಮೆತ್ತಗಿನ ಕಬ್ಬಿಣವಾದರೆ ಪುಡಿ ಉದುರುತ್ತದೆ. ಮೂರೇ ತಿಂಗಳಿಗೆ ಹಲ್ಲು ಒಂದು ಕಡೆ ವಾಲಿ ಕೊಕ್ಕೆಯ ಹಾಗೆ ಆಗಿದ್ದರೆ ಪರೀಕ್ಷೆಯೇ ಬೇಡ, ಬದಲಾಯಿಸಿ. ಚೈನನ್ನು ಹಿಂದಿನ ಸ್ಪ್ರಾಕೆಟಿನ ಹಿಂಭಾಗದಲ್ಲಿ ಬೆರಳಿನಿಂದ ಹಿಡಿದು ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಎದ್ದು ಬಂದರೆ ಚೈನ್ ಹಿಗ್ಗಿದೆ. ಹಿಗ್ಗಿದ ಚೈನ್ ಓಡುತ್ತಾ ಕಳಚಿದರೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ನಿಮಗೆ ಹಂಪಿನ ಹತ್ತಿರ ಆದದ್ದೇ ಮತ್ತೆ ಆಗುತ್ತದೆ. ಹಾಗೆಯೇ ಚೈನ್ ಲಾಕ್, ಅಂದರೆ ಚೈನಿನ ಎರಡು ತುದಿ ಸೇರಿಸುವ ಕ್ಲಿಪ್ಪನ್ನು, ಒಮ್ಮೆ ನೋಡಿಬಿಡಿ. ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು, ಸೀಳಿದ ತುದಿ ಹಿಂದೆ. ಉಲ್ಟಾ ಹಾಕಿದ ಲಾಕ್ ಅಸಲಿ ಚೈನನ್ನೂ ಬೀಳಿಸುತ್ತದೆ.

ನಕಲಿ ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಹಾಲೋಗ್ರಾಂ ನೋಡಿ, ಸ್ಪೆಲ್ಲಿಂಗ್ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ನೋಡಿ, ಬೇಡ ಎನ್ನುವುದಿಲ್ಲ. ಪ್ಯಾಕೆಟ್ ಮೇಲೆ ಎಂಆರ್‌ಪಿ, ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಗ್ರಾಹಕರು ಕರೆ ಮಾಡಬಹುದಾದ ನಂಬರ್ ಇರಲೇಬೇಕು ಎಂದು 2011ರ ಪ್ಯಾಕೇಜ್ ನಿಯಮ ಹೇಳುತ್ತದೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಆ ಪ್ಯಾಕೆಟ್ ವಾಪಸ್ ಕೊಡಿ. ಕೋಡ್ ಕೆರೆದು ಅಥವಾ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡುವ ವ್ಯವಸ್ಥೆ ಕೆಲವು ಕಂಪನಿಗಳಲ್ಲಿದೆ, ಅದನ್ನು ಬಳಸಿ. ಸ್ಕ್ಯಾನ್ ಮಾಡಿದಾಗ ತೆರೆಯುವ ವಿಳಾಸ ಕಂಪನಿಯದೇ ತಾನೇ ಎಂದು ಓದಿ. ಆದರೆ ಬಾಕ್ಸ್ ಅಸಲಿ ಇದ್ದು ಒಳಗಿನದು ನಕಲಿ ಇದ್ದರೆ? ಗ್ಯಾರೇಜುಗಳಲ್ಲಿ ದಿನಾ ಖಾಲಿ ಬಾಕ್ಸ್ ರಾಶಿ ಬೀಳುತ್ತದೆ. ಗುಜರಿಗೆ ಹೋದ ಆ ಬಾಕ್ಸಿಗೂ ಒಂದು ಬೆಲೆ ಇದೆ. ಬಾಕ್ಸ್ ನೋಡಿ ನಂಬುವವರು ಇರುವವರೆಗೆ ಆ ಬೆಲೆ ಇದ್ದೇ ಇರುತ್ತದೆ.

ಅದಕ್ಕೆ ನಾನು ಬಾಕ್ಸಿಗಿಂತ ಹೆಚ್ಚಾಗಿ ನಂಬುವುದು ನಿಮ್ಮ ಗಾಡಿಯಿಂದ ಬಿಚ್ಚಿದ ಹಳೆಯ ಪಾರ್ಟನ್ನು. ಅದು ಶೋರೂಮಿನಿಂದ ಗಾಡಿ ಜೊತೆ ಬಂದದ್ದಾದರೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಹಳೆಯದನ್ನು ಎಡಗೈಯಲ್ಲಿ, ಹೊಸದನ್ನು ಬಲಗೈಯಲ್ಲಿ ಹಿಡಿದುಕೊಳ್ಳಿ. ತೂಕ ಗೊತ್ತಾಗುತ್ತದೆ. ಸವೆದ ಹಳೆಯದಕ್ಕಿಂತ ಹೊಸದು ಹಗುರ ಇದ್ದರೆ ಏನೋ ತಪ್ಪಿದೆ. ಎರಕದ ಅಚ್ಚಿನ ಗೆರೆ ಮೇಲೆ ಬೆರಳಾಡಿಸಿ. ಕಂಪನಿಯದಾದರೆ ಉಜ್ಜಿ ನುಣ್ಣಗೆ ಮಾಡಿರುತ್ತಾರೆ, ನಕಲಿಯಲ್ಲಿ ಚೂಪಾದ ಅಂಚು ಬೆರಳಿಗೆ ತಾಗುತ್ತದೆ. ಪಾರ್ಟ್ ಮೇಲೆ ಕೊರೆದ ಅಕ್ಷರ, ನಂಬರ್ ಎರಡರಲ್ಲೂ ಒಂದೇ ಜಾಗದಲ್ಲಿ, ಒಂದೇ ಆಳದಲ್ಲಿ ಇದೆಯಾ? ರಂಧ್ರದ ಅಂಚು, ಸ್ಪ್ರಿಂಗಿನ ಸುತ್ತು ಎಣಿಸಿ. ಇದಕ್ಕೆ ಎರಡು ನಿಮಿಷ ಸಾಕು. ಆ ಎರಡು ನಿಮಿಷ ನೀವು ಗ್ಯಾರೇಜಿನಲ್ಲಿ ನಿಂತಿರಬೇಕು. ಗಾಡಿ ಬಿಟ್ಟು ಹೋಗಿ ಸಂಜೆ ಬಂದರೆ ಹಳೆಯದೂ ಇರುವುದಿಲ್ಲ, ಹೊಸದು ಡ್ರಮ್ಮಿನೊಳಗೆ ಕೂತಿರುತ್ತದೆ.

ಪ್ಲಗ್ಗಿಗೆ ಒಂದು ಸುಲಭ ಪರೀಕ್ಷೆ ಇದೆ. ಈಗಿನ ಗಾಡಿಗಳ ಪ್ಲಗ್ ಒಳಗೆ ರೆಸಿಸ್ಟರ್ ಇರುತ್ತದೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಮೇಲಿನ ತುದಿಗೆ, ಇನ್ನೊಂದನ್ನು ಕೆಳಗೆ ನಡುವಿನ ಮೊಳೆಗೆ ಮುಟ್ಟಿಸಿದರೆ ಸುಮಾರು 5 ಕಿಲೋ ಓಮ್ ತೋರಿಸಬೇಕು. ಸೊನ್ನೆ ತೋರಿಸಿದರೆ ಒಳಗೆ ರೆಸಿಸ್ಟರ್ ಇಲ್ಲ, ಬರೀ ತಂತಿ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಇದ್ದರೆ ಇದು ಇನ್ನೂ ಮುಖ್ಯ. ಪ್ಲಗ್ಗಿನ ಕಿಡಿಯ ಗದ್ದಲ ಅದರ ಎಲೆಕ್ಟ್ರಾನಿಕ್ಸಿಗೆ ತೊಂದರೆ ಕೊಡುತ್ತದೆ, ಕಾರಣವಿಲ್ಲದೆ ಇಂಜಿನ್ ಜರ್ಕ್ ಹೊಡೆಯುತ್ತದೆ.

ಹೆಡ್‌ಲೈಟ್ ಬಲ್ಬ್ ಬಗ್ಗೆ ಒಂದೇ ಮಾತು. ಬಲ್ಬ್ ಇರುವ ಬಹಳಷ್ಟು ಗಾಡಿಗಳಲ್ಲಿ 35/35 ವಾಟಿನದು ಬರುತ್ತದೆ. ಜಾಸ್ತಿ ಬೆಳಕು ಬೇಕು ಎಂದು 60/55ರ ಬಲ್ಬ್ ಹಾಕಿಸಿದರೆ ಹೋಲ್ಡರ್ ಕರಗುತ್ತದೆ, ವೈರ್ ಸುಡುತ್ತದೆ.

ನಕಲಿ ಇಂಜಿನ್ ಆಯಿಲ್ ಪ್ರಾಣ ತೆಗೆಯುವುದಿಲ್ಲ, ಇಂಜಿನ್ ತೆಗೆಯುತ್ತದೆ. ಬಳಸಿದ ಆಯಿಲನ್ನು ಸೋಸಿ, ಬಣ್ಣ ತಿಳಿಯಾಗಿಸಿ, ಹಳೆಯ ಕಂಪನಿ ಡಬ್ಬಕ್ಕೆ ತುಂಬುತ್ತಾರೆ. ಡಬ್ಬದ ಮುಚ್ಚಳದ ಸೀಲ್ ನಿಮ್ಮ ಕಣ್ಣ ಮುಂದೆ ಒಡೆಯಲಿ. ಖಾಲಿಯಾದ ಡಬ್ಬಕ್ಕೆ ಸ್ಕ್ರೂಡ್ರೈವರಿನಲ್ಲಿ ಎರಡು ತೂತು ಮಾಡಿ, ಲೇಬಲ್ ಹರಿಯಿರಿ. ಮೆಕ್ಯಾನಿಕ್ ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಮಾಡಿ. ಪಾರ್ಟಿನ ಬಾಕ್ಸನ್ನೂ ಹಾಗೆಯೇ ಹರಿದು ಹಾಕಿ. ಇನ್ನೊಬ್ಬರ ಗಾಡಿಗೆ ಹೋಗುವ ಒಂದು ನಕಲಿ ಮಾಲು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಇನ್ನೊಂದು, ಡಬ್ಬದ ಮೇಲೆ ಜೆಎಎಸ್‌ಒ ಎಂಎ ಅಥವಾ ಎಂಎ2 ಎಂದು ಇರಬೇಕು, ಅದು ಬೈಕ್ ಆಯಿಲಿನ ಗುಣಮಟ್ಟದ ಗುರುತು. ಬೈಕಿನ ಕ್ಲಚ್ ಆಯಿಲಿನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಲು ಶುರುವಾಗುತ್ತದೆ, ಆಮೇಲೆ ಜನ ಕ್ಲಚ್ ಪ್ಲೇಟನ್ನು ಡೂಪ್ಲಿಕೇಟ್ ಎಂದು ಬೈಯುತ್ತಾರೆ.

ನಿಮ್ಮ ಮೆಕ್ಯಾನಿಕ್ ಮೋಸ ಮಾಡಿದರಾ? ಇದಕ್ಕೆ ನಾನು ಇಲ್ಲಿ ಕೂತು ಹೌದು ಎನ್ನಲಾರೆ. ಹಳ್ಳಿ ಪೇಟೆಯ ಮೆಕ್ಯಾನಿಕ್ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಮಾಲು ತರುವುದಿಲ್ಲ. ಅವರಿಗೆ ಹತ್ತಿರದ ಅಂಗಡಿ ಕೊಡುತ್ತದೆ, ಆ ಅಂಗಡಿಗೆ ಬೈಕ್ ಮೇಲೆ ಚೀಲ ಕಟ್ಟಿಕೊಂಡು ಬರುವ ಲೈನ್ ಸೇಲ್ಸಿನವರು ಕೊಡುತ್ತಾರೆ. ಅವರಿಗೆ ಎಲ್ಲಿಂದ ಬಂತು ಎಂದು ಕೇಳುವವರಿಲ್ಲ. ನಾಲ್ಕು ಕೈ ದಾಟಿದ ಬಾಕ್ಸನ್ನು ನಿಮ್ಮ ಮೆಕ್ಯಾನಿಕ್ ನಿಮ್ಮಷ್ಟೇ ನಂಬಿರಬಹುದು. ಆದರೆ ಎಂಆರ್‌ಪಿಯ ಅರ್ಧ ಬೆಲೆಗೆ ಸಿಕ್ಕ ಕಂಪನಿ ಪಾರ್ಟ್ ಕಂಪನಿಯದಲ್ಲ ಎಂದು ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಎಷ್ಟಕ್ಕೆ ತಂದಿರಿ, ಯಾವ ಅಂಗಡಿ, ಬಿಲ್ ಇದೆಯಾ ಎಂದು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ನಿಮಗೆ ತಿಳಿಯುತ್ತದೆ. ಹತ್ತು ವರ್ಷದ ಪರಿಚಯ ಅಂದಿರಿ, ಬೆಳಗ್ಗೆ ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ.

ಇದರಲ್ಲಿ ನಮ್ಮದೂ ಒಂದು ಪಾಲಿದೆ. ಬ್ರೇಕ್ ಶೂ ಹಾಕಿದ್ದಕ್ಕೆ ನೂರು ರೂಪಾಯಿ ಕೂಲಿ ಕೇಳಿದರೆ ಐವತ್ತಕ್ಕೆ ಚೌಕಾಸಿ ಮಾಡುತ್ತೇವೆ. ಚಕ್ರ ಬಿಚ್ಚಿ, ಡ್ರಮ್ ಒರೆಸಿ, ಕ್ಯಾಮಿಗೆ ಗ್ರೀಸ್ ಹಾಕಿ, ಚೈನ್ ಅಲೈನ್ ಮಾಡಿ ಕೊಡುವ ಕೆಲಸಕ್ಕೆ ಐವತ್ತು! ಅವರು ಬಾಡಿಗೆ ಕಟ್ಟಬೇಕು, ಹುಡುಗರಿಗೆ ಸಂಬಳ ಕೊಡಬೇಕು. ಕೂಲಿಯಲ್ಲಿ ಸಿಗದ್ದನ್ನು ಪಾರ್ಟಿನ ಮಾರ್ಜಿನ್ನಿನಲ್ಲಿ ಹುಡುಕುತ್ತಾರೆ. ಜಾಸ್ತಿ ಮಾರ್ಜಿನ್ ಇರುವುದು ನಕಲಿ ಮಾಲಿನಲ್ಲಿ. ಅದಕ್ಕೆ ನನ್ನ ಸಲಹೆ ಇಷ್ಟೇ: ಎರಡನೇ ಗುಂಪಿನ ಪಾರ್ಟುಗಳನ್ನು ನೀವೇ ಕಂಪನಿ ಡೀಲರ್ ಕೌಂಟರಿನಿಂದ ಬಿಲ್ ಸಮೇತ ತಂದು ಕೊಡಿ. ಗಾಡಿಯ ಚಾಸಿಸ್ ನಂಬರ್ ಹೇಳಿದರೆ ಸರಿಯಾದ ಪಾರ್ಟ್ ನಂಬರ್ ತೆಗೆದು ಕೊಡುತ್ತಾರೆ. ಮೆಕ್ಯಾನಿಕ್ಕಿಗೆ ಕೂಲಿ ಅವರು ಕೇಳಿದಷ್ಟು, ಬೇಕಾದರೆ ಅದಕ್ಕಿಂತ ಸ್ವಲ್ಪ ಜಾಸ್ತಿ ಕೊಡಿ. ನಿಮಗೆ ಒಳ್ಳೆಯ ಕೈಯೂ ಸಿಗುತ್ತದೆ, ಒಳ್ಳೆಯ ಮಾಲೂ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಒಂದೇ ಶೇ. 18 ಜಿಎಸ್‌ಟಿ. ಅದಕ್ಕೂ ಮೊದಲು ಬೈಕ್ ಪಾರ್ಟುಗಳಿಗೆ ಶೇ. 28 ಇತ್ತು. ಅಸಲಿ ಪಾರ್ಟ್ ಬಹಳ ದುಬಾರಿ ಎಂಬ ಮಾತು ಮೊದಲಿನಷ್ಟು ನಿಜವಲ್ಲ.

ಆನ್‌ಲೈನಿನಲ್ಲಿ ತರಿಸುವವರು ಮಾರುವವರ ಹೆಸರು ಓದಬೇಕು. ಸೈಟ್ ದೊಡ್ಡದಿದ್ದರೂ ಮಾರುವವರು ಬೇರೆಯೇ ಇರುತ್ತಾರೆ.

ಇನ್ನು ದೂರಿನ ವಿಷಯ. ಕೊಡಬಹುದು. ಇನ್ನೊಬ್ಬರ ಟ್ರೇಡ್‌ಮಾರ್ಕ್ ಹಾಕಿದ ನಕಲಿ ಮಾಲು ಮಾಡುವುದೂ, ಗೊತ್ತಿದ್ದು ಮಾರುವುದೂ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 103 ಮತ್ತು 104ನೇ ಸೆಕ್ಷನ್ ಪ್ರಕಾರ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಆದರೆ ಆ ದಾರಿಯಲ್ಲಿ ನೀವು ಒಬ್ಬರೇ ಓಡಾಡಬೇಕಿಲ್ಲ. ಬಾಕ್ಸ್ ಫೋಟೊ, ಶೂ ಫೋಟೊ, ಅಂಗಡಿ ಹೆಸರು ಇವನ್ನು ಬೈಕ್ ಕಂಪನಿಯ ಗ್ರಾಹಕ ಸೇವೆಗೆ ಕಳಿಸಿ. ಹೆಸರು ಕಳುವಾಗಿರುವುದು ಅವರದು, ಪೊಲೀಸರ ಜೊತೆ ದಾಳಿ ಮಾಡಿಸುವ ಆಸಕ್ತಿ ಅವರಿಗೇ ಇರುತ್ತದೆ.

ನಿಮ್ಮ ನಷ್ಟಕ್ಕೆ ದಾರಿ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ಮಾಲಿನಿಂದ ಪೆಟ್ಟಾದರೆ ಪರಿಹಾರ ಕೇಳುವ ಹಕ್ಕಿದೆ. ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗ. ಕೊಂಡ ಮಾಲಿನ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಎಂದೂ ಇಲ್ಲ. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಆದರೆ ಅಲ್ಲಿ ಮೊದಲು ಕೇಳುವುದು ಬಿಲ್. ನಿಮ್ಮ ಹತ್ತಿರ ಬಿಲ್ ಇದೆ ಎಂದು ನೀವು ಬರೆದಿಲ್ಲ. ಇಲ್ಲದಿದ್ದರೆ ಫೋನಿನಲ್ಲಿ ಹಣ ಕಳಿಸಿದ ದಾಖಲೆ, ಮೆಕ್ಯಾನಿಕ್ ಜೊತೆಗಿನ ಮೆಸೇಜ್ ಏನಿದೆಯೋ ಹುಡುಕಿ ಇಟ್ಟುಕೊಳ್ಳಿ. ಕಿತ್ತ ಶೂ, ಲೈನಿಂಗ್, ಬಾಕ್ಸ್ ಮೂರನ್ನೂ ಒಂದು ಚೀಲದಲ್ಲಿ ಹಾಕಿ ಮೇಲೆ ದಿನಾಂಕ ಬರೆದಿಡಿ. ಕೇಳಿದರೆ ಬಿಲ್ ಕೊಡದಿರುವುದು ಅದೇ ಕಾಯ್ದೆಯಲ್ಲಿ ತಪ್ಪು ವ್ಯಾಪಾರದ ಪಟ್ಟಿಯಲ್ಲಿದೆ. ಹಾಗಾಗಿ ಮುಂದಿನ ಸಲ ಸಂಕೋಚ ಬೇಡ.

ಬೈಕನ್ನು ಈಗ ಓಡಿಸುತ್ತಿದ್ದೀರಾ? ಹೊಸ ಶೂ ಹಾಕಿಸಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಲೈನಿಂಗ್ ಸಿಕ್ಕಿಕೊಂಡಾಗ ಶೂನ ಬರೀ ಲೋಹ ಡ್ರಮ್ಮಿಗೆ ಉಜ್ಜಿರುತ್ತದೆ. ಡ್ರಮ್ ಒಳಗೆ ಬೆರಳಾಡಿಸಿ, ಆಳದ ಗೀರು ತಾಗಿದರೆ ಲೇತಿನಲ್ಲಿ ಸರಿ ಮಾಡಿಸಬೇಕು, ಇಲ್ಲವೇ ಹಬ್ ಬದಲಾಯಿಸಬೇಕು. ಡ್ರಮ್ಮಿನ ಮೇಲೆ ಗರಿಷ್ಠ ಎಷ್ಟು ಮಿಲಿಮೀಟರ್ ಎಂದು ಅಚ್ಚು ಹಾಕಿರುತ್ತಾರೆ, ಕೆತ್ತಿದ ಮೇಲೆ ಅದನ್ನು ದಾಟಬಾರದು. ನಿಮ್ಮದು 2019ರ ಏಪ್ರಿಲ್ ನಂತರದ 125 ಸಿಸಿ ಗಾಡಿ, ಸಿಬಿಎಸ್ ಇರುವ ಸಾಧ್ಯತೆಯೇ ಜಾಸ್ತಿ. ಅಂದರೆ ಹಿಂದಿನ ಪೆಡಲ್ ತುಳಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಹಿಂದಿನದನ್ನು ಬಿಚ್ಚಿ ಕಟ್ಟಿದ ಮೇಲೆ ಆ ಜೋಡಣೆ ಸರಿ ಇದೆಯಾ ಎಂದು ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ. ಡ್ರಮ್ಮಿನ ಪುಡಿಯನ್ನು ಬಾಯಿಂದ ಊದಲು ಬಿಡಬೇಡಿ, ನಕಲಿ ಲೈನಿಂಗಿನಲ್ಲಿ ಕಲ್ನಾರು (ಉಸಿರಿನ ಜೊತೆ ಒಳಗೆ ಹೋದರೆ ಅಪಾಯದ ಆಸ್ಬೆಸ್ಟಾಸ್) ಇದ್ದರೂ ಹೇಳುವವರಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಲಿ. ಹೊಸ ಶೂ ಡ್ರಮ್ಮಿಗೆ ಹೊಂದಿಕೊಳ್ಳಲು ಇನ್ನೂರು ಕಿಲೋಮೀಟರಾದರೂ ಬೇಕು. ಅಲ್ಲಿಯವರೆಗೆ ಬ್ರೇಕಿನ ಹಿಡಿತ ಪೂರ್ತಿ ಬಂದಿರುವುದಿಲ್ಲ. ಆ ಇನ್ನೂರು ಕಿಲೋಮೀಟರ್ ಮಗಳನ್ನು ಬಸ್ಸಿನಲ್ಲಿ ಕಳಿಸಿ, ನೀವು ಒಬ್ಬರೇ ನಿಧಾನವಾಗಿ ಓಡಿಸಿ.